ಬೆನ್ನುಹುರಿ ಗಾಯದ ಸರ್ಜನ್ ಆಗಬೇಕು ಅನ್ನುವವರಿಗೆ

ಮೂಳೆ ವಿಭಾಗದಲ್ಲಿ ಪಿಜಿ ಮಾಡುತ್ತಿರುವವರು ಬಂದು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮೇಡಂ, ಸ್ಪೈನ್ ತಗೋಬೇಕು ಅಂತಿದ್ದೀನಿ. ಎಷ್ಟು ಸ್ಕ್ರೂ ಹಾಕಿದರೆ ಕೈ ಕೂರುತ್ತೆ?" ಸ್ಕ್ರೂ ಬಗ್ಗೆಯೂ ಹೇಳುತ್ತೇನೆ, ಆದರೆ ಮೊದಲಿಗೇ ಅಲ್ಲ. ಬೆನ್ನುಮೂಳೆ ಮುರಿದು ಬಂದವರ ಪಾಲಿಗೆ ಆಪರೇಷನ್ ಅನ್ನುವುದು ಕೆಲವು ಗಂಟೆಗಳ ಕೆಲಸ. ಅದಕ್ಕೂ ಮುಂಚೆ ಹಾಸಿಗೆ ಪಕ್ಕ ನಿಂತು ಮಾಡುವ ಪರೀಕ್ಷೆ ಇದೆ, ಅದಾದ ಮೇಲೆ ಅವರು ಬದುಕುವ ವರ್ಷಗಳಿವೆ. ಈ ಎರಡನ್ನೂ ಮನಸ್ಸಿಟ್ಟು ಕಲಿತವರು ಈ ಕೆಲಸಕ್ಕೆ ಒದಗುತ್ತಾರೆ. ಬರೀ ಆಪರೇಷನ್ ಕಲಿತವರು ಅರ್ಧ ದಾರಿಯಲ್ಲೇ ನಿಲ್ಲುತ್ತಾರೆ. ಹಾಗಾಗಿ ಇಲ್ಲಿ ಜಾಸ್ತಿ ಜಾಗ ಆ ಎರಡಕ್ಕೇ ಕೊಟ್ಟಿದ್ದೇನೆ.

ಓದಿನ ದಾರಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲು ವೈದ್ಯಕೀಯ ಪದವಿ. ಆಮೇಲೆ ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿ. ಅದು ಎಷ್ಟು ವರ್ಷ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅದು ಮುಗಿದ ಮೇಲೆ ಬೆನ್ನುಮೂಳೆಗೆಂದೇ ಒಂದೆರಡು ವರ್ಷದ ಫೆಲೋಶಿಪ್. ನರಶಸ್ತ್ರಚಿಕಿತ್ಸೆ ಓದಿದವರೂ ಇದೇ ಕೆಲಸಕ್ಕೆ ಬರುತ್ತಾರೆ. ಅವರೊಂದಿಗೆ ಜಗಳ ಬೇಡ, ಜೊತೆಗೆ ನಿಂತು ಆಪರೇಷನ್ ಮಾಡಿ. ನರದ ಹೊದಿಕೆ ಹರಿದರೆ ಹೊಲಿಯುವುದನ್ನು ಅವರಿಂದಲೇ ಕಲಿಯಬೇಕು.

ಮೂಳೆ ತರಬೇತಿಯಲ್ಲಿ ಇರುವಾಗಲೇ "ನನಗೆ ಸ್ಪೈನ್ ಮಾತ್ರ ಸಾಕು" ಅಂತ ಉಳಿದದ್ದನ್ನು ಹಗುರ ಮಾಡಬೇಡಿ. ಎತ್ತರದಿಂದ ಬಿದ್ದವರು ಕಾಲೂರಿ ಬಿದ್ದಿದ್ದರೆ ಹಿಮ್ಮಡಿ ಮೂಳೆ ಎಷ್ಟೋ ಸಲ ಒಡೆದಿರುತ್ತದೆ. ಅದೇ ಹೊಡೆತ ಮೇಲೆ ಹತ್ತಿ ಸೊಂಟದ ಮಟ್ಟದ ಬೆನ್ನುಮೂಳೆಯನ್ನೂ ಕುಗ್ಗಿಸಿರಬಹುದು. ಹಿಮ್ಮಡಿ ನೋಡಿದವರು ಬೆನ್ನು ಮುಟ್ಟಿ ನೋಡಬೇಕು, ಬೆನ್ನು ನೋಡಿದವರು ಹಿಮ್ಮಡಿ ಮುಟ್ಟಿ ನೋಡಬೇಕು. ಕಾರಿನ ಸೀಟ್‌ ಬೆಲ್ಟ್ ಹೊಟ್ಟೆಗೆ ಅಡ್ಡ ಒತ್ತಿ ಗುರುತು ಮೂಡಿದ್ದರೆ, ಮೂಳೆ ಅಡ್ಡಡ್ಡ ಸೀಳಿರುವ ಚಾನ್ಸ್ ಫ್ರ್ಯಾಕ್ಚರ್ ಇದೆಯಾ ಅಂತ ಹುಡುಕಿ. ಚಾನ್ಸ್ ಅನ್ನುವುದು ಅದನ್ನು 1948ರಲ್ಲಿ ವಿವರಿಸಿದ ವೈದ್ಯರ ಹೆಸರು. ಆ ಮುರಿತದ ಜೊತೆ ಕರುಳೂ ಹರಿದಿರಬಹುದು, ಹಾಗಾಗಿ ಹೊಟ್ಟೆ ನೋಡುವ ಸರ್ಜನ್ ಅನ್ನು ಅದೇ ಹೊತ್ತಿಗೆ ಕರೆಸಬೇಕು.

ಪೋಸ್ಟಿಂಗ್ ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ಐಸಿಯು, ಮೂತ್ರಕೋಶದ ವಿಭಾಗ, ಪುನರ್ವಸತಿ ವಾರ್ಡ್ ಈ ಮೂರನ್ನು ಕೇಳಿ ಪಡೆಯಿರಿ. ಇವುಗಳಲ್ಲಿ ಕಳೆದ ಒಂದೊಂದು ತಿಂಗಳೂ ಮುಂದೆ ದಿನಾ ಉಪಯೋಗಕ್ಕೆ ಬರುತ್ತದೆ.

ಮೊದಲ ಗಂಟೆ

ಗಾಯಾಳು ಬಂದಾಗ ಮೊದಲು ನೋಡಬೇಕಾದದ್ದು ಬೆನ್ನಲ್ಲ. ಉಸಿರು, ರಕ್ತಸ್ರಾವ, ಬಿಪಿ. ಎದೆಯಲ್ಲಿ ರಕ್ತ ತುಂಬಿಕೊಳ್ಳುತ್ತಿರುವವರ ಎಮ್‌ಆರ್‌ಐ ನೋಡುತ್ತಾ ನಿಂತರೆ ಏನು ಪ್ರಯೋಜನ? ಅಷ್ಟರವರೆಗೆ ಬೆನ್ನು ಅಲುಗಾಡದಂತೆ ಇಟ್ಟರೆ ಸಾಕು.

ಕುತ್ತಿಗೆಯಲ್ಲಿ ಗಾಯ ಇದ್ದರೆ ಎದೆ, ಹೊಟ್ಟೆ ಎರಡನ್ನೂ ತೆರೆದು ಒಂದು ನಿಮಿಷ ಸುಮ್ನೆ ನೋಡಿ. ಉಸಿರು ಎಳೆದಾಗ ಹೊಟ್ಟೆ ಉಬ್ಬಿ ಎದೆ ಒಳಕ್ಕೆ ಹೋಗುತ್ತಿದೆಯಾ? ಹಾಗಿದ್ದರೆ ಪಕ್ಕೆಲುಬಿನ ನಡುವಿನ ಸ್ನಾಯುಗಳು ಕೆಲಸ ಬಿಟ್ಟಿವೆ, ಎದೆಗೂ ಹೊಟ್ಟೆಗೂ ನಡುವಿನ ವಪೆ ಒಂದೇ ದುಡಿಯುತ್ತಿದೆ. ವಪೆಗೆ ನರ ಬರುವುದು ಸಿ3, ಸಿ4, ಸಿ5ರಿಂದ. (ಇವು ಬೆನ್ನುಹುರಿಯ ಮಟ್ಟಗಳ ಹೆಸರು: ಸಿ ಅಂದರೆ ಕುತ್ತಿಗೆ, ಟಿ ಎದೆ, ಎಲ್ ಸೊಂಟ, ಎಸ್ ಅದರ ಕೆಳಗಿನದು.) ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸಲು ಹೇಳಿ. ಎಷ್ಟರವರೆಗೆ ಎಣಿಸಿದರು ಅಂತ ಬರೆದಿಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ. ಸಂಖ್ಯೆ ಇಳಿಯುತ್ತಿದ್ದರೆ ಆಮ್ಲಜನಕದ ಮಟ್ಟ ಬೀಳುವವರೆಗೂ ಕಾಯದೆ ಅರಿವಳಿಕೆ ವೈದ್ಯರನ್ನು ಕರೆಯಿರಿ. ಇದಕ್ಕೆ ಯಾವ ಯಂತ್ರವೂ ಬೇಡ.

ಬಿಪಿ ಕಮ್ಮಿ ಇದ್ದರೆ ಪಲ್ಸ್ ಹಿಡಿಯಿರಿ, ಕಾಲು ಮುಟ್ಟಿ. ರಕ್ತ ಹೋದವರ ಪಲ್ಸ್ ಓಡುತ್ತಿರುತ್ತದೆ, ಕೈಕಾಲು ತಣ್ಣಗಿರುತ್ತವೆ. ಬೆನ್ನುಹುರಿ ಮೇಲ್ಗಡೆ ಪೆಟ್ಟಾಗಿ ಬಿಪಿ ಬಿದ್ದವರಲ್ಲಿ ಪಲ್ಸ್ ನಿಧಾನ ಇರುತ್ತದೆ, ಕಾಲು ಬೆಚ್ಚಗಿರುತ್ತದೆ. ಎರಡೂ ಒಟ್ಟಿಗೆ ಇರಬಹುದು. ಅದಕ್ಕೇ ರಕ್ತಸ್ರಾವ ಇಲ್ಲ ಅಂತ ಖಚಿತ ಆಗುವವರೆಗೆ "ಇದು ನರದ ಶಾಕ್" ಅಂತ ಬರೆಯಬೇಡಿ. ಹುರಿಗೆ ಪೆಟ್ಟಾದ ಮೇಲೆ ಬಿಪಿ ಇಳಿಯಲು ಬಿಟ್ಟರೆ ಉಳಿದಿರುವ ನರಕ್ಕೂ ರಕ್ತ ಸಾಲುವುದಿಲ್ಲ. ಸರಾಸರಿ ಬಿಪಿಯನ್ನು ಮೊದಲ ಕೆಲವು ದಿನ 85ರಿಂದ 90ರ ಹತ್ತಿರ ಇಡುವುದು ಬಹಳ ಕಾಲದಿಂದ ನಡೆದುಬಂದ ರೂಢಿ.

ಗಾಯಾಳುವನ್ನು ಮಗ್ಗುಲಿಗೆ ಹೊರಳಿಸುವಾಗ ತಲೆ ಹಿಡಿದವರೇ ಎಣಿಸಬೇಕು, ಉಳಿದವರೆಲ್ಲ ಅವರ ಮಾತಿಗೆ ಒಟ್ಟಿಗೆ ತಿರುಗಿಸಬೇಕು. ಗಟ್ಟಿ ಹಲಗೆ ಮೇಲೆ ಕರೆತಂದಿದ್ದರೆ ಆದಷ್ಟು ಬೇಗ ಅದನ್ನು ತೆಗೆಸಿ. ನೋವೇ ಗೊತ್ತಾಗದ ಚರ್ಮ ಹಲಗೆ ಮೇಲೆ ಒತ್ತಿಕೊಂಡಿರುತ್ತದೆ. ಮುಂದೆ ತಿಂಗಳುಗಟ್ಟಲೆ ಕಾಡುವ ಬೆಡ್‌ಸೋರ್ ಎಷ್ಟೋ ಸಲ ಅಲ್ಲೇ ಶುರುವಾಗಿರುತ್ತದೆ.

ಪಿನ್ನು, ಹತ್ತಿ, ಬೆರಳು

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಒಂದು ಸೇಫ್ಟಿ ಪಿನ್, ಚೂರು ಹತ್ತಿ, ಒಂದು ಜೊತೆ ಗ್ಲೌಸ್. ಇಷ್ಟರಿಂದ ಬೆನ್ನುಹುರಿಯಲ್ಲಿ ಎಲ್ಲಿ ಏಟು ಬಿದ್ದಿದೆ, ಏನು ಉಳಿದಿದೆ ಅಂತ ಹೇಳಲು ಬರಬೇಕು. ಅಮೆರಿಕದ ಬೆನ್ನುಹುರಿ ಗಾಯದ ಸಂಘ, ಚಿಕ್ಕದಾಗಿ ಏಸಿಯಾ (ASIA), 1982ರಲ್ಲಿ ಮೊದಲು ತಂದ ಪರೀಕ್ಷಾ ವಿಧಾನ ಹಲವು ಸಲ ತಿದ್ದಿ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಅದರ ಒಂದು ಪುಟದ ಚಾರ್ಟ್ ನಿಮ್ಮ ಜೇಬಿನಲ್ಲಿರಲಿ. ಬಾಯಿಪಾಠ ಆದಮೇಲೂ ಇರಲಿ.

ಪಿನ್ ಮೊದಲು ಕೆನ್ನೆಗೆ ತಾಗಿಸಿ. ಚೂಪಾದ ತುದಿ, ಮೊಂಡಾದ ತುದಿ, ಎರಡರ ವ್ಯತ್ಯಾಸ ಅವರಿಗೆ ಅಲ್ಲಿ ಗೊತ್ತಾಗಲಿ. ಆಮೇಲೆ ಕಣ್ಣು ಮುಚ್ಚಿಸಿ. "ಚೂಪೋ ಮೊಂಡೋ, ಕೆನ್ನೆಗೆ ತಾಗಿದ ಹಾಗೇ ಇದೆಯೋ ಕಮ್ಮಿಯೋ?" ಅಂತ ಕೇಳುತ್ತಾ ಹೋಗಿ. ದೇಹದ ಒಂದೊಂದು ಬದಿಗೆ 28 ಜಾಗಗಳು. ಮೊಲೆತೊಟ್ಟಿನ ಮಟ್ಟ ಟಿ4, ಹೊಕ್ಕುಳ ಟಿ10. ಹತ್ತಿಯನ್ನು ಎಳೆದು ಸವರಬೇಡಿ, ಮೆಲ್ಲಗೆ ತಾಗಿಸಿ ತೆಗೆಯಿರಿ. ಅವಸರದಲ್ಲಿ "ಗೊತ್ತಾಗ್ತಿದೆಯಾ? ಗೊತ್ತಾಗ್ತಿದೆಯಾ?" ಅಂತ ಕೇಳಿದರೆ ಹೆದರಿರುವ ಮನುಷ್ಯ ಹೂಂ ಅನ್ನುತ್ತಾನೆ. ಆಗಾಗ ಮುಟ್ಟದೆಯೂ ಕೇಳಿ.

ಶಕ್ತಿಯನ್ನು ಒಂದೊಂದು ಬದಿಯಲ್ಲಿ ಹತ್ತು ಸ್ನಾಯುಗಳಲ್ಲಿ ನೋಡುತ್ತೇವೆ. ಮೊಣಕೈ ಮಡಚುವುದು ಸಿ5, ಮಣಿಕಟ್ಟು ಮೇಲೆತ್ತುವುದು ಸಿ6, ಮೊಣಕೈ ನೀಡುವುದು ಸಿ7, ಬೆರಳು ಮಡಚುವುದು ಸಿ8, ಕಿರುಬೆರಳು ಹೊರಕ್ಕೆ ಸರಿಸುವುದು ಟಿ1. ಕಾಲಿನಲ್ಲಿ ತೊಡೆ ಎತ್ತುವುದು ಎಲ್2, ಮಂಡಿ ನೀಡುವುದು ಎಲ್3, ಪಾದ ಮೇಲೆತ್ತುವುದು ಎಲ್4, ಹೆಬ್ಬೆರಳು ಎತ್ತುವುದು ಎಲ್5, ಪಾದ ಕೆಳಗೊತ್ತುವುದು ಎಸ್1. ಒಂದೊಂದಕ್ಕೂ ಸೊನ್ನೆಯಿಂದ 5 ಅಂಕ, ಒಟ್ಟು 100. ಸೊನ್ನೆ ಅಂತ ಬರೆಯುವ ಮುಂಚೆ ಸ್ನಾಯುವಿನ ಮೇಲೆ ಬೆರಳಿಟ್ಟು ಕಾಯಿರಿ. ಕಾಲು ಅಲ್ಲಾಡದಿದ್ದರೂ ಬೆರಳಡಿ ಒಂದು ಸಣ್ಣ ಬಿಗಿತ ಸಿಗಬಹುದು. ಅದು 1. ಸೊನ್ನೆಗೂ ಒಂದಕ್ಕೂ ಇರುವ ವ್ಯತ್ಯಾಸ ಕಾಗದದ ಮೇಲೆ ಸಣ್ಣದು, ಆ ಮನುಷ್ಯನಿಗೆ ಬಹಳ ದೊಡ್ಡದು.

ಕೊನೆಯ ಭಾಗವನ್ನು ಜನ ಬಿಟ್ಟುಬಿಡುತ್ತಾರೆ. ಗುದದ್ವಾರದ ಸುತ್ತ ಪಿನ್ನು, ಹತ್ತಿ ತಾಗಿಸಿ ನೋಡಬೇಕು. ಗ್ಲೌಸ್ ಹಾಕಿದ ಬೆರಳು ಒಳಗಿಟ್ಟು ಒತ್ತಿದ್ದು ಗೊತ್ತಾಗುತ್ತದಾ, ಬಿಗಿ ಹಿಡಿಯಲು ಆಗುತ್ತದಾ ಅಂತ ಕೇಳಬೇಕು. ಬೆನ್ನುಹುರಿಯ ಕೊನೆಯ ಎಳೆಗಳು ಅಲ್ಲಿಗೆ ಹೋಗುತ್ತವೆ. ಅಲ್ಲಿ ಏನಾದರೂ ಉಳಿದಿದ್ದರೆ ಗಾಯ ದಾಟಿ ಸುದ್ದಿ ಹೋಗುತ್ತಿದೆ ಅಂತ ಅರ್ಥ. ಅಲ್ಲಿ ಏನೂ ಇಲ್ಲದಿದ್ದರೆ ಮಾತ್ರ ಎ ದರ್ಜೆ, ಅಂದರೆ ಕಂಪ್ಲೀಟ್. ಸ್ಪರ್ಶ ಮಾತ್ರ ಉಳಿದಿದ್ದರೆ ಬಿ. ಚಲನೆ ಸ್ವಲ್ಪ ಉಳಿದಿದ್ದರೆ ಸಿ, ಗಾಯದ ಕೆಳಗಿನ ಅರ್ಧಕ್ಕರ್ಧ ಸ್ನಾಯುಗಳಾದರೂ 3ಕ್ಕೆ ಮುಟ್ಟಿದರೆ ಡಿ. ಎಲ್ಲ ಸರಿಹೋಗಿದ್ದರೆ ಇ.

ಸಾರುವೆಯಿಂದ ಬಿದ್ದ ಒಬ್ಬ ಯುವಕನನ್ನು ರಾತ್ರಿ ನಮ್ಮಲ್ಲಿಗೆ ಕಳಿಸಿದ್ದರು. ಜೊತೆಗೆ ಬಂದ ಚೀಟಿಯಲ್ಲಿ ಕಂಪ್ಲೀಟ್ ಅಂತ ಬರೆದಿತ್ತು. ಎರಡೂ ಕಾಲಿನಲ್ಲಿ ಶಕ್ತಿ ಸೊನ್ನೆ, ಹೊಕ್ಕುಳದ ಕೆಳಗೆ ಪಿನ್ ಗೊತ್ತಾಗುತ್ತಿರಲಿಲ್ಲ. ಪರದೆ ಎಳೆದು, ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಅಂತ ಹೇಳಿ ಬೆರಳಿನಿಂದ ಪರೀಕ್ಷೆ ಮಾಡಿದೆ. ಒತ್ತಿದಾಗ ಆತ, "ಒಳಗೆ ಏನೋ ಅದುಮಿದ ಹಾಗಾಯ್ತು ಡಾಕ್ಟ್ರೇ" ಅಂದ. ಮತ್ತೆ ಒತ್ತಿದೆ, ಮತ್ತೆ ಹೇಳಿದ. ಒತ್ತದೆ ಕೇಳಿದೆ, "ಇಲ್ಲ" ಅಂದ. ಎ ಹೋಗಿ ಬಿ ಆಯಿತು. ಅರಿವಳಿಕೆ ತಂಡವನ್ನು ಎಬ್ಬಿಸಿ ಬೆಳಗಾಗುವ ಮುಂಚೆ ಒಟಿಗೆ ಒಯ್ದೆವು. ಮುಂದೆ ಆತ ಕಾಲಿಗೆ ಆಸರೆಯ ಕ್ಯಾಲಿಪರ್ ಪಟ್ಟಿ ಹಾಕಿಕೊಂಡು ಕೋಲೂರಿ ನಡೆದ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳುತ್ತಿಲ್ಲ. ಆದರೆ ಆ ಬೆರಳಿನ ಪರೀಕ್ಷೆ ಆಗದಿದ್ದರೆ ಆತನ ವಿಷಯದಲ್ಲಿ ಯಾರಿಗೂ ಅವಸರ ಇರುತ್ತಿರಲಿಲ್ಲ.

ಇನ್ನೊಂದು ಎಚ್ಚರ. ಪೆಟ್ಟಾದ ಕೂಡಲೇ ಹುರಿ ಕೆಲಕಾಲ ಮಂಕಾಗಿರುತ್ತದೆ, ಕೆಳಗಿನ ರಿಫ್ಲೆಕ್ಸ್ ಏನೂ ಇರುವುದಿಲ್ಲ. ಇದನ್ನು ಸ್ಪೈನಲ್ ಶಾಕ್ ಅನ್ನುತ್ತೇವೆ, ಬಿಪಿ ಬೀಳುವ ಶಾಕ್ ಬೇರೆ. ಈ ಹಂತದಲ್ಲಿ ಮಾಡಿದ ಪರೀಕ್ಷೆಯನ್ನು ಕೊನೆಯ ಮಾತು ಅಂದುಕೊಳ್ಳಬೇಡಿ. ಎರಡು ಮೂರು ದಿನ ಕಳೆದ ಮೇಲೆ ಮತ್ತೆ ಪೂರ್ತಿ ಮಾಡಿ, ಮನೆಯವರಿಗೆ ಮುಂದಿನ ಮಾತು ಆಡುವ ಮುಂಚೆ ಮಾಡಿ.

ಚಿತ್ರಗಳನ್ನು ನೀವೇ ಓದಿ

ವರದಿ ಓದಿ ನಿರ್ಧಾರ ಮಾಡುವ ಅಭ್ಯಾಸ ಬೇಡ. ರೇಡಿಯಾಲಜಿಸ್ಟ್ ಪಕ್ಕ ಕೂತು ಸಿಟಿಯ ಒಂದೊಂದು ಪದರವನ್ನೂ ನೀವೇ ತಿರುಗಿಸಿ. ಒಂದು ಕಡೆ ಮುರಿತ ಸಿಕ್ಕಿತು ಅಂತ ನಿಲ್ಲಬೇಡಿ. ದೂರದ ಇನ್ನೊಂದು ಮಟ್ಟದಲ್ಲೂ ಮುರಿದಿರಬಹುದು, ಹಾಗಾಗಿ ಪೂರ್ತಿ ಬೆನ್ನುಮೂಳೆ ನೋಡಿ. ಮಕ್ಕಳಲ್ಲಿ ಎಕ್ಸ್‌ರೇ, ಸಿಟಿ ಎರಡೂ ಸರಿ ಇದ್ದು ಹುರಿಗೆ ಪೆಟ್ಟಾಗಿರಬಹುದು, ಎಮ್‌ಆರ್‌ಐ ಬೇಕೇ ಬೇಕು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಿಂದ ಬೆನ್ನೆಲ್ಲ ಒಂದೇ ಮೂಳೆಯಾಗಿ ಕೂಡಿಕೊಂಡವರು ಕುರ್ಚಿಯಿಂದ ಜಾರಿ ಬಿದ್ದು "ಕುತ್ತಿಗೆ ನೋವು" ಅಂದರೂ ಮುರಿದಿದೆ ಅಂತಲೇ ಹಿಡಿದು ಸಿಟಿ ಮಾಡಿಸಿ. ಅವರ ಕುತ್ತಿಗೆ ಮೊದಲಿನಿಂದ ಬಗ್ಗಿದ್ದರೆ ಬಗ್ಗಿದ ಹಾಗೆಯೇ ದಿಂಬು ಕೊಟ್ಟು ಮಲಗಿಸಿ. ನೆಟ್ಟಗೆ ಮಾಡಲು ಹೋದರೆ ಅಲ್ಲೇ ಹುರಿ ತುಂಡಾಗಬಹುದು.

ಮುರಿತವನ್ನು ವರ್ಗ ಮಾಡುವ ಪದ್ಧತಿಗಳು ಹಲವು. ಬೆನ್ನುಮೂಳೆಯನ್ನು ಮುಂದೆ, ನಡು, ಹಿಂದೆ ಅಂತ ಭಾಗ ಮಾಡಿ ಡೆನಿಸ್ 1983ರಲ್ಲಿ ಹೇಳಿದ ಮೂರು ಕಂಬಗಳ ಲೆಕ್ಕ ಓದಿಕೊಳ್ಳಿ. ಎದೆ, ಸೊಂಟದ ಮಟ್ಟದ ಮುರಿತಗಳಿಗಾಗಿ 2005ರಲ್ಲಿ ಬಂದ ಟಿಎಲ್‌ಐಸಿಎಸ್ ಅಂಕಪಟ್ಟಿ ಕಲಿಯುವವರಿಗೆ ಒಳ್ಳೆಯದು. ಮೂಳೆ ಹೇಗೆ ಮುರಿದಿದೆ, ಹಿಂದಿನ ಕಟ್ಟುನಾರು ಗಟ್ಟಿ ಇದೆಯಾ, ನರ ಹೇಗಿದೆ, ಈ ಮೂರೇ ಪ್ರಶ್ನೆ. 3 ಅಥವಾ ಕಮ್ಮಿ ಬಂದರೆ ಸಾಮಾನ್ಯವಾಗಿ ಆಪರೇಷನ್ ಬೇಡ, 5 ಅಥವಾ ಜಾಸ್ತಿ ಬಂದರೆ ಬೇಕು, 4 ಬಂದರೆ ನಿಮ್ಮ ವಿವೇಚನೆ. ನರಕ್ಕೆ ಏನೂ ಆಗದ, ಗಟ್ಟಿಯಾಗಿ ನಿಂತಿರುವ ಎಷ್ಟೋ ಮುರಿತಗಳು ಚಾಕು ಮುಟ್ಟಿಸದೆ ಕೂಡಿಕೊಳ್ಳುತ್ತವೆ. "ಇದಕ್ಕೆ ಆಪರೇಷನ್ ಬೇಡ" ಅಂತ ಧೈರ್ಯವಾಗಿ ಹೇಳುವ ಗುರುಗಳು ಸಿಕ್ಕರೆ ಅವರನ್ನು ಬಿಡಬೇಡಿ.

ಯಾವಾಗ, ಏನು

ಒತ್ತಿಕೊಂಡಿರುವ ಹುರಿಯನ್ನು ಬೇಗ ಬಿಡಿಸಬೇಕು ಅನ್ನುವುದರಲ್ಲಿ ಈಗ ಬಹುಪಾಲು ಒಮ್ಮತ ಇದೆ. ಕುತ್ತಿಗೆಯ ಗಾಯದ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಸ್ಟ್ಯಾಸಿಸ್ ಅಧ್ಯಯನ 24 ಗಂಟೆಯೊಳಗೆ ಒತ್ತಡ ತೆಗೆದವರಲ್ಲಿ ಚೇತರಿಕೆ ಹೆಚ್ಚು ಅಂತ ತೋರಿಸಿತು. ಗಡಿಯಾರ ನೋಡಿಕೊಂಡು ಕೆಲಸ ಮಾಡುವುದನ್ನು ಆವತ್ತಿನಿಂದ ಎಲ್ಲರೂ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆವು.

ಸ್ಟೆರಾಯ್ಡ್ ಕಥೆಯನ್ನು ಪ್ರತಿಯೊಬ್ಬ ಕಿರಿಯರೂ ತಿಳಿದಿರಬೇಕು. 1990ರಲ್ಲಿ ನ್ಯಾಸಿಸ್ 2 ಅಧ್ಯಯನ ಬಂದ ಮೇಲೆ 8 ಗಂಟೆಯೊಳಗೆ ಬಂದವರಿಗೆಲ್ಲ ಭಾರೀ ಪ್ರಮಾಣದ ಮೀಥೈಲ್‌ಪ್ರೆಡ್ನಿಸೊಲೋನ್ ಕೊಡುವುದು ಜಗತ್ತಿನಾದ್ಯಂತ ರೂಢಿಯಾಯಿತು. ಆಮೇಲೆ ಆ ಅಂಕಿಅಂಶಗಳನ್ನು ಮತ್ತೆ ಮತ್ತೆ ಕೆದಕಿದರು. ಸೋಂಕು, ಹೊಟ್ಟೆಯ ರಕ್ತಸ್ರಾವದ ಅಪಾಯ ಎದ್ದು ಕಂಡಿತು. 2013ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕರ ಮಾರ್ಗದರ್ಶಿ ಕೊಡಬೇಡಿ ಅಂದಿತು. 2017ರ ಇನ್ನೊಂದು ಮಾರ್ಗದರ್ಶಿ 8 ಗಂಟೆಯೊಳಗೆ ಬಂದವರಿಗೆ 24 ಗಂಟೆ ಕೊಡುವುದನ್ನು ಆಯ್ಕೆಯಾಗಿ ಉಳಿಸಿತು. ನಾನು ರೂಢಿಯಾಗಿ ಕೊಡುವುದಿಲ್ಲ. ನೀವು ಕೊಡಿ, ಬಿಡಿ, ಆದರೆ ಯಾಕೆ ಅಂತ ಎದುರಿಗಿರುವವರಿಗೆ ಹೇಳಲು ಬರಬೇಕು. "ನಮ್ಮಲ್ಲಿ ಹೀಗೇ" ಅನ್ನುವ ಉತ್ತರ ಸಾಲದು.

ಒಟಿಯಲ್ಲಿ

ಬೋರಲು ಮಲಗಿಸುವುದನ್ನು ನರ್ಸ್‌ಗಳಿಗೆ ಬಿಟ್ಟು ಕೈತೊಳೆಯಲು ಹೋಗಬೇಡಿ. ಹೊಟ್ಟೆ ಎಲ್ಲೂ ಒತ್ತದೆ ತೂಗಾಡುತ್ತಿರಬೇಕು. ಒತ್ತಿದರೆ ಹುರಿಯ ಸುತ್ತಲಿನ ರಕ್ತನಾಳ ಉಬ್ಬಿ ಆಪರೇಷನ್ ಪೂರ್ತಿ ರಕ್ತ ಒಸರುತ್ತದೆ. ಕಣ್ಣಿನ ಮೇಲೆ ಏನೂ ಒತ್ತಿಕೊಂಡಿರಬಾರದು. ಬಗ್ಗಿ ಇಣುಕಿ ನೋಡಿ, ಅರಿವಳಿಕೆ ವೈದ್ಯರೂ ನೋಡಿರಲಿ. ಆಮೇಲೆ ಮಟ್ಟ ಎಣಿಸುವುದು. ಕೆಲವರಿಗೆ ಸೊಂಟದಲ್ಲಿ ಆರು ಮೂಳೆ ಇರುತ್ತವೆ, ಕೆಲವರಿಗೆ ಪಕ್ಕೆಲುಬು ಹನ್ನೊಂದೇ ಜೊತೆ. ಎಮ್‌ಆರ್‌ಐಯಲ್ಲಿ ಹೇಗೆ ಎಣಿಸಿದಿರೋ ಹಾಗೆಯೇ ಆಪರೇಷನ್ ನಡುವೆ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದ ಅಡಿಯಲ್ಲೂ ಜೋರಾಗಿ ಎಣಿಸಿ, ಇನ್ನೊಬ್ಬರು ಹೌದು ಅನ್ನಲಿ.

ಸ್ಕ್ರೂ ವಿಷಯ. ಪೆಡಿಕಲ್ ಅಂದರೆ ಬೆನ್ನುಮೂಳೆಯ ಹಿಂಭಾಗವನ್ನು ಮುಂದಿನ ದಪ್ಪ ಭಾಗಕ್ಕೆ ಕೂಡಿಸುವ ಚಿಕ್ಕ ಕೊಳವೆ. ಹೊರಗೆ ಗಟ್ಟಿ, ಒಳಗೆ ಮೆದು. ಒಳಮಗ್ಗುಲಿಗೆ ಹುರಿ, ಕೆಳಮಗ್ಗುಲಿಗೆ ನರ, ತೀರಾ ಮುಂದೆ ಹೋದರೆ ಮಹಾಧಮನಿ. 1960ರ ದಶಕದಲ್ಲಿ ಫ್ರಾನ್ಸಿನ ರೇಮಂಡ್ ರಾಯ್-ಕಮೀಲ್ ಈ ಕೊಳವೆ ಮೂಲಕ ಸ್ಕ್ರೂ ಹಾಕಿ ಬೆನ್ನು ಕಟ್ಟುವ ದಾರಿ ತೋರಿಸಿದರು. ಸ್ಕ್ರೂಗೆ ದಾರಿ ಮಾಡುವ ಸಲಾಕೆ, ಅಂದರೆ ಪ್ರೋಬ್ ಅನ್ನು ಹೊಡೆದು ತಳ್ಳಬೇಡಿ. ಸಣ್ಣಗೆ ತಿರುಗಿಸುತ್ತಾ ಒಳಬಿಡಿ, ಮೆದು ಮೂಳೆಯ ಕರಕರ ಕೈಗೆ ಗೊತ್ತಾಗುತ್ತಾ ಬರುತ್ತದೆ. ಆ ಕರಕರ ಒಂದೇ ಸಮ ಇದ್ದರೆ ದಾರಿ ಸರಿ. ಥಟ್ಟನೆ ಗಟ್ಟಿ ತಾಗಿದರೆ ಗೋಡೆಗೆ ಬಂದಿದ್ದೀರಿ, ಕೋನ ಬದಲಿಸಿ. ಥಟ್ಟನೆ ಹಗುರಾದರೆ ಗೋಡೆ ದಾಟಿದ್ದೀರಿ, ಅಲ್ಲೇ ನಿಲ್ಲಿ. ಪ್ರೋಬ್ ತೆಗೆದ ಮೇಲೆ ತುದಿಯಲ್ಲಿ ಗುಂಡು ಇರುವ ತೆಳು ಕಡ್ಡಿ ಬಿಟ್ಟು ತಳ ಒಂದು, ಸುತ್ತ ನಾಲ್ಕು, ಹೀಗೆ ಐದು ಗೋಡೆ ತಡವಿ ನೋಡಿ. ರಂಧ್ರದಿಂದ ರಕ್ತ ಒಸರುವುದು ಸಹಜ. ತಿಳಿನೀರು ಬಂದರೆ ನರದ ಹೊದಿಕೆ ಹರಿದಿದೆ. ಎದೆಭಾಗದ ನಡುವೆ, ಟಿ4ರಿಂದ ಟಿ6ರವರೆಗೆ, ಪೆಡಿಕಲ್ ಬಹಳ ಸಣ್ಣ. ಅಲ್ಲಿ ಶುರು ಮಾಡಬೇಡಿ. ಸೊಂಟದಲ್ಲಿ ಕಲಿಯಿರಿ, ಅದಕ್ಕೂ ಮುಂಚೆ ಮಾದರಿ ಮೂಳೆಯಲ್ಲಿ, ದಾನವಾಗಿ ಬಂದ ದೇಹಗಳಲ್ಲಿ ಕಲಿಯಿರಿ. ಕಂಪ್ಯೂಟರ್ ದಾರಿ ತೋರಿಸುವ ನ್ಯಾವಿಗೇಶನ್, ರೋಬೋಟ್ ಇರುವ ಕಡೆ ಅವನ್ನೂ ಕಲಿಯಿರಿ. ಯಂತ್ರದ ಲೆಕ್ಕ ತಪ್ಪಿದೆ ಅಂತ ಮೊದಲು ಹೇಳುವುದು ನಿಮ್ಮ ಕೈಯೇ.

ನಿಮ್ಮ ಮೈಯನ್ನೂ ಕಾಪಾಡಿಕೊಳ್ಳಿ. ಸೀಸದ ಏಪ್ರನ್, ಥೈರಾಯ್ಡ್ ಕಾಲರ್ ಹಾಕದೆ ಸಿ-ಆರ್ಮ್ ಹತ್ತಿರ ಹೋಗಬೇಡಿ. ಕಿರಣ ಬಿಡುವಾಗ ಎರಡು ಹೆಜ್ಜೆ ಹಿಂದೆ ಸರಿಯಿರಿ, ದೂರ ಎರಡರಷ್ಟಾದರೆ ಕಿರಣ ಕಾಲುಭಾಗಕ್ಕೆ ಇಳಿಯುತ್ತದೆ. ಟೇಬಲ್ ಎತ್ತರವನ್ನು ನಿಮ್ಮ ಮೊಣಕೈಗೆ ಸರಿಹೊಂದಿಸಿಕೊಳ್ಳಿ. ನಾವು ನೋಡುವ ರೋಗಿಗಳ ಕುತ್ತಿಗೆಯಷ್ಟೇ ನಮ್ಮ ಕುತ್ತಿಗೆಯೂ ಮುಖ್ಯ ಅಲ್ವಾ.

ಆಮೇಲಿನ ವರ್ಷಗಳು

ಕ್ರಿಸ್ತಪೂರ್ವ 1600ರ ಸುಮಾರಿನ ಈಜಿಪ್ಟಿನ ಒಂದು ಪಪೈರಸ್ ಸುರುಳಿಯಲ್ಲಿ 48 ರೋಗಿಗಳ ವಿವರ ಇದೆ. ಎಡ್ವಿನ್ ಸ್ಮಿತ್ ಪಪೈರಸ್ ಅಂತ ಅದಕ್ಕೆ ಹೆಸರು. ಕುತ್ತಿಗೆ ಮೂಳೆ ಜಾರಿ ಕೈಕಾಲು ಸ್ವಾಧೀನ ತಪ್ಪಿದವನ ಬಗ್ಗೆ ಅದು ಹೇಳುವುದು, ಇದು ಚಿಕಿತ್ಸೆ ಮಾಡುವ ಕಾಯಿಲೆಯಲ್ಲ ಅಂತ. ಇಪ್ಪತ್ತನೇ ಶತಮಾನದ ಮೊದಲರ್ಧದವರೆಗೂ ವೈದ್ಯರು ಹೆಚ್ಚುಕಮ್ಮಿ ಹಾಗೇ ನಂಬಿದ್ದರು. ಜನ ಸಾಯುತ್ತಿದ್ದದ್ದು ಹೆಚ್ಚಾಗಿ ಬೆಡ್‌ಸೋರ್ ಮತ್ತು ಮೂತ್ರದ ಸೋಂಕಿನಿಂದ. ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ನರವೈದ್ಯ ಲುಡ್ವಿಗ್ ಗುಟ್‌ಮನ್ 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯದ ಕೇಂದ್ರ ಶುರು ಮಾಡಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುದ್ಧವಾಗಿ ಖಾಲಿ ಮಾಡುವುದು, ಹಾಸಿಗೆಯಿಂದ ಎಬ್ಬಿಸಿ ಕೆಲಸಕ್ಕೆ, ಆಟಕ್ಕೆ ಹಚ್ಚುವುದು. ಇದರಿಂದಲೇ ಜನ ಬದುಕತೊಡಗಿದರು. 1948ರಲ್ಲಿ ಗಾಲಿಕುರ್ಚಿಯಲ್ಲಿ ಕೂತ 16 ಮಂದಿಯಿಂದ ಅವರು ಆಡಿಸಿದ ಬಿಲ್ಲುಗಾರಿಕೆ ಸ್ಪರ್ಧೆ ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆಯಿತು.

ಸರ್ಜನ್ ಆದವರು ಈ ಕೆಲಸ ಫಿಸಿಯೋದವರದ್ದು, ಸಿಸ್ಟರ್‌ಗಳದ್ದು ಅಂತ ದೂರ ನಿಲ್ಲಬಾರದು. ರೌಂಡ್ಸ್‌ನಲ್ಲಿ ಹೊದಿಕೆ ತೆಗೆದು ಬೆನ್ನ ಕೆಳಗೆ, ಹಿಮ್ಮಡಿ ಹಿಂದೆ ಕೈಯಾಡಿಸಿ ನೋಡಿ. ಕೆಂಪಾದ ಜಾಗ ಒತ್ತಿದರೆ ಬಿಳುಚದಿದ್ದರೆ ಹುಣ್ಣು ಶುರುವಾಗಿದೆ. ಗಾಲಿಕುರ್ಚಿಯಲ್ಲಿ ಕೂತವರು ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ವಾಲಿ ಕುಂಡಿಯ ಮೇಲಿನ ಭಾರ ಇಳಿಸಬೇಕು, ಇದನ್ನು ನೀವೇ ಮಾಡಿ ತೋರಿಸಿ. ಮೂತ್ರಕೋಶಕ್ಕೆ, ಸದಾ ಕ್ಯಾಥೆಟರ್ ಇಡುವುದಕ್ಕಿಂತ ದಿನಕ್ಕೆ ಕೆಲವು ಸಲ ತಾವೇ ಹಾಕಿ ತೆಗೆಯುವುದು ಬಹಳ ಜನರಿಗೆ ಒಳ್ಳೆಯದು. ಶುದ್ಧವಾದ ಕೈ ಇದ್ದರೆ ಸಾಕು ಅಂತ 1972ರಲ್ಲಿ ಲ್ಯಾಪಿಡೀಸ್ ತೋರಿಸಿದ ವಿಧಾನ ಇವತ್ತಿಗೂ ಲಕ್ಷಾಂತರ ಜನರ ಮೂತ್ರಪಿಂಡ ಉಳಿಸುತ್ತಿದೆ.

ಇನ್ನೊಂದನ್ನು ಮರೆಯಲೇಬಾರದು. ಟಿ6 ಅಥವಾ ಅದರ ಮೇಲೆ ಗಾಯವಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ, ಬಿಪಿ ಏರುತ್ತಾ ಹೋಗುತ್ತದೆ. ಇದರ ಹೆಸರು ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಕೆಳಗೆಲ್ಲೋ ದೇಹ ಕೂಗುತ್ತಿದೆ, ಅವರಿಗೆ ಕೇಳಿಸುತ್ತಿಲ್ಲ. ಮಲಗಿದ್ದರೆ ಕೂರಿಸಿ, ಕಾಲು ಇಳಿಬಿಡಿ, ಬಿಗಿ ಬಟ್ಟೆ ಸಡಿಲಿಸಿ. ಕ್ಯಾಥೆಟರ್ ಮಡಚಿಕೊಂಡಿದೆಯಾ, ಕಟ್ಟಿಕೊಂಡಿದೆಯಾ ನೋಡಿ. ಹೆಚ್ಚಿನ ಸಲ ತುಂಬಿದ ಮೂತ್ರಕೋಶವೇ ಕಾರಣ. ಅದಲ್ಲದಿದ್ದರೆ ಮಲಬದ್ಧತೆ, ಆಮೇಲೆ ಚರ್ಮ. ಇವರ ಸಾಮಾನ್ಯ ಬಿಪಿಯೇ 90, 100 ಇರುವುದರಿಂದ 140 ಕಂಡರೂ ಅದು ಏರಿದ್ದೇ. ಸುಮ್ನೆ ಮಾತ್ರೆ ಕೊಟ್ಟು ಕಳಿಸಿದರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಡಿಸ್ಚಾರ್ಜ್ ಹೊತ್ತಿಗೆ ಇದನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಕೈಗೇ ಕೊಡುತ್ತೇನೆ. ಮುಂದೆ ಅವರನ್ನು ನೋಡುವ ವೈದ್ಯರಿಗೆ ಇದು ಗೊತ್ತಿಲ್ಲದಿರಬಹುದು, ಹೇಳಬೇಕಾದವರು ರೋಗಿಯೇ.

ವರ್ಷಗಳ ನಂತರ ಬಂದು "ಕೈಯಲ್ಲಿ ಬಿಸಿ ಗೊತ್ತಾಗ್ತಿಲ್ಲ, ಶಕ್ತಿ ಕಮ್ಮಿಯಾಗ್ತಿದೆ" ಅಂದರೆ ಹುರಿಯೊಳಗೆ ನೀರಿನ ಗುಳ್ಳೆ ಬೆಳೆಯುತ್ತಿರಬಹುದು, ಎಮ್‌ಆರ್‌ಐ ಮಾಡಿಸಿ. ಕುರ್ಚಿ ತಳ್ಳಿ ತಳ್ಳಿ ಭುಜ ಸವೆದವರು ಬರುತ್ತಾರೆ. ಹಾಸಿಗೆ ಸುಖದ ಬಗ್ಗೆ, ಮಕ್ಕಳಾಗುವ ಬಗ್ಗೆ ಕೇಳಲು ಹಿಂಜರಿಯುತ್ತಾ ಕೂರುವವರು ಬರುತ್ತಾರೆ. ಅವರು ಕೇಳುವವರೆಗೆ ಕಾಯಬೇಡಿ, ನೀವೇ ಮಾತು ತೆಗೆಯಿರಿ.

"ನಡೀತಾರಾ?"

ಈ ಪ್ರಶ್ನೆ ಬಂದೇ ಬರುತ್ತದೆ. ಎರಡು ಉತ್ತರ ಕೊಡಬಾರದು. "ಇನ್ನು ಯಾವತ್ತೂ ಇಲ್ಲ" ಅಂತ ಮೊದಲ ರಾತ್ರಿಯೇ ಹೇಳಬಾರದು, "ಎಲ್ಲಾ ಸರಿಹೋಗುತ್ತೆ" ಅಂತಲೂ ಹೇಳಬಾರದು. ಸ್ಕ್ರೂ ಹಾಕಿದರೆ ಕಾಲಿಗೆ ಶಕ್ತಿ ಬರುತ್ತೆ ಅಂತ ನಂಬಿ ಎಷ್ಟೋ ಮನೆಯವರು ಸಹಿ ಹಾಕುತ್ತಾರೆ. ಆಪರೇಷನ್ ಮೂಳೆಯನ್ನು ಗಟ್ಟಿ ಮಾಡುತ್ತದೆ, ಹುರಿಯ ಮೇಲಿನ ಒತ್ತಡ ತೆಗೆಯುತ್ತದೆ, ಬೇಗ ಎದ್ದು ಕೂರಲು ಬಿಡುತ್ತದೆ. ಹುರಿಯನ್ನು ಹೊಲಿದು ಕೂಡಿಸುವುದಿಲ್ಲ. ಇದನ್ನು ಸಹಿಗೆ ಮುಂಚೆ ಬಿಡಿಸಿ ಹೇಳಿ.

ನಾನು ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರುತ್ತೇನೆ. ಫೋನ್ ಸಿಸ್ಟರ್ ಕೈಗೆ ಕೊಡುತ್ತೇನೆ. ಮೊದಲು, "ನಿಮಗೆ ಇಲ್ಲಿಯವರೆಗೆ ಏನು ಹೇಳಿದ್ದಾರೆ?" ಅಂತ ಕೇಳುತ್ತೇನೆ. ಇವತ್ತಿನ ಪರೀಕ್ಷೆಯಲ್ಲಿ ಏನಿದೆ, ಏನಿಲ್ಲ ಅಂತ ಹೇಳುತ್ತೇನೆ, ಮುಂದಿನ ಪರೀಕ್ಷೆ ಯಾವ ದಿನ ಅಂತ ಹೇಳುತ್ತೇನೆ. ರೋಗಿಗೆ ಎಚ್ಚರ ಇದ್ದರೆ ಅವರನ್ನು ಬಿಟ್ಟು ಮನೆಯವರ ಹತ್ತಿರ ಹೊರಗೆ ಪಿಸುಗುಟ್ಟುವುದಿಲ್ಲ. ಒಬ್ಬ ತಾಯಿ, "ನಡೆಯದಿದ್ದರೆ ಇವನು ಏನು ಮಾಡಬೇಕು ಮೇಡಂ?" ಅಂದಾಗ ನಾನು ಉತ್ತರ ಹೇಳಲಿಲ್ಲ. ಅದೇ ಮಟ್ಟದ ಗಾಯವಾಗಿ, ಈಗ ಕೈಯಿಂದಲೇ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುವವರೊಬ್ಬರಿಗೆ ಫೋನ್ ಮಾಡಿದೆ. ಅವರು ಬಂದು ಹುಡುಗನ ಜೊತೆ ಒಂದು ಮಧ್ಯಾಹ್ನ ಕೂತರು. ಹೀಗೆ ಬರಲು ಒಪ್ಪುವವರ ಹೆಸರುಗಳನ್ನು ಈಗಿನಿಂದಲೇ ಅವರ ಅನುಮತಿ ಕೇಳಿ ಬರೆದಿಟ್ಟುಕೊಳ್ಳಿ.

ಫೆಲೋಶಿಪ್ ಆರಿಸುವಾಗ

ವರ್ಷಕ್ಕೆ ಎಷ್ಟು ಆಪರೇಷನ್ ಅಂತ ಕೇಳುವುದು ಸರಿ. ಅದರಲ್ಲಿ ಎಷ್ಟು ನಿಮ್ಮ ಕೈಯಿಂದ ಮಾಡಿಸುತ್ತಾರೆ ಅಂತ ಈಗಿನ ಫೆಲೋಗಳನ್ನು ಬೇರೆಯಾಗಿ ಕೇಳಿ. ಸವೆದ ಡಿಸ್ಕ್, ಗೂನು ಬೆನ್ನು ಇವೇ ಜಾಸ್ತಿ ಇರುವ ಕಡೆ ಗಾಯದ ಕೆಲಸ ಕಲಿಯಲು ಆಗುವುದಿಲ್ಲ, ರಾತ್ರಿ ಗಾಯಾಳುಗಳು ಬರುವ ಕೇಂದ್ರ ಬೇಕು. ಸೇರುವ ಮುಂಚೆ ಒಂದು ವಾರ ಹೋಗಿ ಸುಮ್ನೆ ನಿಂತು ನೋಡಿ. ಪುನರ್ವಸತಿ ವಾರ್ಡ್ ಅದೇ ಕಟ್ಟಡದಲ್ಲಿದೆಯಾ? ಅಲ್ಲಿಗೆ ಸರ್ಜನ್‌ಗಳು ದಿನಾ ಹೋಗುತ್ತಾರಾ? ಕೆಟ್ಟ ಫಲಿತಾಂಶ ಬಂದ ಕೇಸ್‌ಗಳನ್ನು ಎಲ್ಲರೆದುರು ಇಟ್ಟು ಮಾತಾಡುವ ಸಭೆ ಇದೆಯಾ? ಪರೀಕ್ಷೆಯ ಚಾರ್ಟ್ ಯಾರು ತುಂಬುತ್ತಾರೆ, ಅದರ ಕೊನೆಯ ಸಾಲು ಖಾಲಿ ಬಿಟ್ಟಿರುತ್ತಾರಾ? ಐದು ವರ್ಷದ ಹಿಂದೆ ಆಪರೇಷನ್ ಆದವರು ಈಗಲೂ ಅದೇ ಸರ್ಜನ್ ಹತ್ತಿರ ಬರುತ್ತಿದ್ದಾರಾ? ಫಾಲೋಅಪ್ ದಿನ ಕಾಯುವ ಕೋಣೆಯಲ್ಲಿ ಅರ್ಧ ಗಂಟೆ ಕೂತು ಅವರ ಜೊತೆ ಮಾತಾಡಿ, ಆಮೇಲೆ ಅರ್ಜಿ ಹಾಕಿ.